ಅರಗಿನ ತಟ್ಟೆಯಲ್ಲಿ ಉಳಿದ ದನಿ

ಹಳೆಯ ಗ್ರಾಮಾಫೋನ್ ತಟ್ಟೆಗಳ ಕೆಲವು ಲೇಬಲ್ಲುಗಳ ಮೇಲೆ ‘ಗಾಂಧಾರಿ ಹಾನಗಲ್’ ಎಂಬ ಹೆಸರು ಕಾಣುತ್ತದೆ. ಈ ಗಾಂಧಾರಿ ಬೇರಾರೂ ಅಲ್ಲ. ಮುಂದೆ ಗಂಗೂಬಾಯಿ ಹಾನಗಲ್ ಎಂದು ನಾಡಿಗೆಲ್ಲ ಪರಿಚಿತರಾದವರೇ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಗಾಂಧಾರಿ. ಮನೆತನದ ಹೆಸರು ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲಿನದು. 1930ರ ದಶಕದ ಆ ತಟ್ಟೆಗಳನ್ನು ಮೊದಲ ಸಲ ಕೇಳುವವರು ಬೆರಗಾಗುತ್ತಾರೆ. ಗಂಗೂಬಾಯಿ ಎಂದೊಡನೆ ಕಿವಿಯಲ್ಲಿ ಮೊಳಗುವುದು ಗಂಡುದನಿಯನ್ನೂ ನಾಚಿಸುವ ಗಂಭೀರ ಕಂಠ. ತಟ್ಟೆಯಲ್ಲಿ ಕೇಳಿಬರುವುದಾದರೋ ಎತ್ತರದ, ತೆಳುವಾದ, ಚುರುಕಾದ ಹೆಣ್ಣುದನಿ. ನಡುವೆ ಬಂದ ಗಂಟಲಿನ ಕಾಯಿಲೆ ಮತ್ತು ಚಿಕಿತ್ಸೆಯ ತರುವಾಯ ಅವರ ದನಿ ಭಾರವಾಯಿತು. ಮೊದಲಿನ ದನಿಗೆ ಇಂದು ಉಳಿದಿರುವ ಸಾಕ್ಷಿಯೆಂದರೆ ಆ ಕರಿಯ ತಟ್ಟೆಗಳೇ.

ಈ ವಿಷಯ ಈಗ ಮತ್ತೆ ನೆನಪಾಗಲು ಕಾರಣವಿದೆ. ಹಳೆಯ ಸಂಗೀತವನ್ನು ಹೊಸ ವಿನೈಲ್ ತಟ್ಟೆಗೆ ಇಳಿಸಿ ಮಾರುವ ವ್ಯಾಪಾರ ಜಗತ್ತಿನಾದ್ಯಂತ ಪುನಃ ಚಿಗುರಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾದರೆ, ಸಿ.ಡಿ.ಗಳು ಮಾರಾಟವಾದದ್ದು 3.3 ಕೋಟಿ. 1987ರ ನಂತರ ತಟ್ಟೆ ಸಿ.ಡಿ.ಯನ್ನು ಹಿಂದಿಕ್ಕಿದ್ದು ಅದೇ ಮೊದಲು. ಜಾಝ್, ಬ್ಲೂಸ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹೆಸರಾಂತ ಧ್ವನಿಮುದ್ರಣಗಳು ದಪ್ಪನೆಯ ತಟ್ಟೆಗಳಾಗಿ, ಚೆಂದದ ಹೊದಿಕೆಗಳಲ್ಲಿ, ಒಂದೊಂದಕ್ಕೆ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿವೆ. ‘ಮೂಲದಲ್ಲಿ ಇದ್ದಂತೆಯೇ’ ಎಂಬುದು ಅವುಗಳ ಜಾಹೀರಾತು. ಆದರೆ ಮೂಲದಲ್ಲಿ ಇದ್ದದ್ದು ಏನು? ಹಾನಗಲ್ಲಿನ ದನಿಯಂಥ ದನಿಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಅರಗು, ಕಲ್ಲಿನ ಪುಡಿ, ಮಸಿ

ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ್ದು ಅರಗಿನ ಮನೆ. ಮರದ ಬಾಗಿಲಿನ ಹೊಳಪಿಗೂ ಬಳೆಗೂ ಮುದ್ರೆಗೂ ಬಳಸುತ್ತಿದ್ದ ಅದೇ ಅರಗು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಇಡೀ ಜಗತ್ತಿನ ಹಾಡನ್ನು ಹೊತ್ತಿತು. ಮರದ ಕೊಂಬೆಗಳ ಮೇಲೆ ಕೂತು ರಸ ಹೀರುವ ಸಣ್ಣ ಕೀಟ ಸುರಿಸುವ ಅಂಟು ಇದು. ಛೋಟಾ ನಾಗಪುರದ ಕಾಡುಗಳಿಂದ ಜಗತ್ತಿನ ರೆಕಾರ್ಡ್ ಕಾರ್ಖಾನೆಗಳಿಗೆ ಅರಗು ಹೋಗುತ್ತಿತ್ತು. ತಟ್ಟೆಯಲ್ಲಿ ಅರಗಿನ ಪಾಲು ಸುಮಾರು ಮೂರರಲ್ಲೊಂದು ಅಥವಾ ಅದಕ್ಕೂ ಕಡಿಮೆ. ಉಳಿದದ್ದು ಕಲ್ಲಿನ ನುಣ್ಣನೆಯ ಪುಡಿ, ಹತ್ತಿಯ ಎಳೆ ಮತ್ತು ಕಪ್ಪು ಬಣ್ಣಕ್ಕೆ ಮಸಿ.

ಕಲ್ಲಿನ ಪುಡಿ ಬೆರೆಸಿದ್ದು ಬರಿಯ ಉಳಿತಾಯಕ್ಕಲ್ಲ. ಅಂದಿನ ಪೆಟ್ಟಿಗೆಗಳಲ್ಲಿ ಉಕ್ಕಿನ ಮುಳ್ಳು ಇರುತ್ತಿತ್ತು. ಅದರ ಮೇಲೆ ನೂರು ಗ್ರಾಂ ದಾಟಿದ ಭಾರ. ಒರಟಾದ ತಟ್ಟೆ ಮೊದಲ ಕೆಲವು ಸುತ್ತುಗಳಲ್ಲಿಯೇ ಮುಳ್ಳಿನ ತುದಿಯನ್ನು ತಿಕ್ಕಿ ಗೆರೆಯ ಆಕಾರಕ್ಕೆ ತರಬೇಕಿತ್ತು. ಆದ್ದರಿಂದಲೇ ಪ್ರತಿ ಹಾಡಿಗೆ ಹೊಸ ಮುಳ್ಳು ಹಾಕಬೇಕೆಂಬ ಕಟ್ಟಳೆ. ಹಳೆಯ ತಟ್ಟೆಗಳಲ್ಲಿ ಹಾಡಿನ ಹಿಂದೆ ಕೇಳಿಬರುವ ‘ಸುಯ್’ ಎಂಬ ಸದ್ದು ಈ ಕಲ್ಲಿನ ಪುಡಿಯದೇ. ಕಾಸಿಗೆ ಕಕ್ಕುಲಾತಿಪಟ್ಟು ಒಂದೇ ಮುಳ್ಳಿನಲ್ಲಿ ಹತ್ತು ಹಾಡು ಕೇಳಿದ ಮನೆಗಳಲ್ಲಿ ತಟ್ಟೆಯ ಗೆರೆಯೇ ಸವೆದು ಹೋಯಿತು.

ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡು ಮುದ್ರಿಸಿಕೊಂಡ. ಆ ಮೇಣದ ಅಚ್ಚುಗಳು ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ತಟ್ಟೆಗಳಾಗಿ ಮರಳಿ ಬಂದವು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ತಟ್ಟೆ ಒತ್ತುವ ಕಾರ್ಖಾನೆ ಶುರುವಾಯಿತು. ಆಮೇಲೆ ಅದು ಡಮ್‌ಡಮ್‌ಗೆ ಬೆಳೆಯಿತು. ಮೊದಲ ಕಾಲು ಶತಮಾನ ಹಾಡುಗಾರರು ದೊಡ್ಡ ಕಹಳೆಯೊಳಗೆ ಮುಖವಿಟ್ಟು ಕೂಗಿ ಹಾಡಬೇಕಿತ್ತು. 1925ರಲ್ಲಿ ಮೈಕ್ರೋಫೋನು ಬಳಸುವ ವಿದ್ಯುತ್ ಮುದ್ರಣ ಪಶ್ಚಿಮದಲ್ಲಿ ಆರಂಭವಾಗಿ, ಬೇಗನೆ ಭಾರತಕ್ಕೂ ಬಂತು. ಮೆಲುದನಿಯ ಕುಸುರಿ ತಟ್ಟೆಗೆ ಇಳಿದದ್ದು ಅಂದಿನಿಂದ.

ಮೂರು ನಿಮಿಷದ ಖಯಾಲು

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಗಳ ಈ ನೆಲ ಹಿಂದುಸ್ತಾನಿ ಗಾಯನಕ್ಕೆ ತವರಾಗುತ್ತಿದ್ದ ಕಾಲವೂ ಅದೇ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಇಲ್ಲಿ ತಂಗುತ್ತಿದ್ದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886–1952), ಗಂಗೂಬಾಯಿ ಮತ್ತು ಭೀಮಸೇನ ಜೋಶಿಯವರಿಗೆ ಗುರುಗಳಾದರು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಗದುಗಿನಲ್ಲಿ ಅಂಧ ಮಕ್ಕಳಿಗೆ ಹಾಡು ಕಲಿಸಿದರು. ಅದೇ ತಾಲ್ಲೂಕಿನ ಪುಟ್ಟರಾಜ ಗವಾಯಿಗಳು ಆ ಪರಂಪರೆಯನ್ನು 2010ರವರೆಗೆ ನಡೆಸಿದರು.

ಈ ಗಾಯಕರಿಗೂ ತಟ್ಟೆಗೂ ಹತ್ತಿರದ ನಂಟಿದೆ. ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ ಮನಸೂರರು ಎಚ್‌ಎಂವಿಗೆ ಹಾಡಿದ್ದಷ್ಟೇ ಅಲ್ಲ, ಆ ಕಂಪನಿಯ ಸಂಗೀತ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಗದುಗಿನ ಬಾಲಕ ಭೀಮಸೇನ ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ ಮನೆ ಬಿಟ್ಟು ಹೊರಟ ಸಂಗತಿ ಎಲ್ಲರೂ ಬಲ್ಲದ್ದೇ. ಒಂದು ತಟ್ಟೆಯ ಕೆಲವೇ ನಿಮಿಷ ಒಬ್ಬನ ಬಾಳಿನ ದಿಕ್ಕನ್ನು ಬದಲಿಸಿತು.

ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರೂಕಾಲು ನಿಮಿಷ. ಹನ್ನೆರಡು ಅಂಗುಲದ್ದಕ್ಕೆ ನಾಲ್ಕು, ನಾಲ್ಕೂವರೆ. ಒಂದು ಗಂಟೆ ಬೆಳೆಯಬೇಕಾದ ರಾಗವನ್ನು ಅಷ್ಟರೊಳಗೆ ಮುಗಿಸಬೇಕು. ವಿಲಂಬಿತ ಆಲಾಪ ಹೆಚ್ಚುಕಡಿಮೆ ಬಿಟ್ಟೇಹೋಗಿ, ಬಂದಿಶ್, ಆಯ್ದ ನಾಲ್ಕು ಆಲಾಪ, ಬೆನ್ನಿಗೇ ತಾನು ಎಂಬಂತಾಯಿತು. ಇದರಿಂದ ನಷ್ಟವಾಯಿತೆಂಬುದು ನಿಜ. ಆದರೆ ಒಂದು ರಾಗದ ಮುಖವನ್ನು ಮೂರು ನಿಮಿಷದಲ್ಲಿ ತೋರಿಸುವ ಚಾತುರ್ಯವನ್ನು ಅಂದಿನವರು ಸಾಧಿಸಿದ್ದರು. ಕಲಿಯುವವರಿಗೆ ಇಂದಿಗೂ ಅದು ಪಾಠವೇ.

ದಾಸರ ಪದ, ವಚನ, ನಾಟಕದ ಹಾಡುಗಳಿಗೆ ಮಾತ್ರ ಈ ಅಳತೆ ಹೇಳಿ ಮಾಡಿಸಿದಂತಿತ್ತು. ಪಲ್ಲವಿಯೂ ಎರಡು ಮೂರು ನುಡಿಗಳೂ ಒಂದು ಬದಿಗೆ ಸರಿಯಾಗಿ ಕೂರುತ್ತಿದ್ದವು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿ ಇರಿಸಿಕೊಂಡ ಕನಕದಾಸರ ಪದಗಳು ನಾಲ್ಕು ಶತಮಾನ ಬಾಯಿಂದ ಬಾಯಿಗೆ ದಾಟಿ ಬಂದಿದ್ದವು. ಓಲೆಗರಿಯಲ್ಲಿ ಮಾತು ಉಳಿಯಿತು, ಧಾಟಿ ಉಳಿಯಲಿಲ್ಲ. ಗ್ರಾಮಾಫೋನು ಬಂದ ಮೇಲೆ ದಾಸರ ಪದಗಳಿಗೆ ಧಾಟಿಯೂ ದಾಖಲೆಯಾಯಿತು. ಅದು ಕನಕದಾಸರು ಹಾಡಿದ ಧಾಟಿಯಲ್ಲ, ತಟ್ಟೆಗೆ ಹಾಡಿದ ಗಾಯಕರದು. ಹಾಗಿದ್ದರೂ ಒಂದು ಕಾಲದಲ್ಲಿ ಈ ಪದಗಳನ್ನು ಹೇಗೆ ಹಾಡುತ್ತಿದ್ದರು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ವಿನೈಲ್ ಬಂದ ಬಗೆ

ಎರಡನೆಯ ಮಹಾಯುದ್ಧದಲ್ಲಿ ಅರಗಿಗೆ ಕೊರತೆ ಬಂತು. 1942ರಲ್ಲಿ ಅಮೆರಿಕ ಸರಕಾರ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಯನ್ನು ತೀರ ಕಡಿತಗೊಳಿಸಿತು. ಹಳೆಯ ತಟ್ಟೆ ಕೊಟ್ಟು ಹೊಸದನ್ನು ಕೊಳ್ಳಿರೆಂದು ಅಂಗಡಿಗಳು ಕೇಳತೊಡಗಿದವು. ಹಾಗೆ ಅರೆದು ಹೋದ ತಟ್ಟೆಗಳಲ್ಲಿ ಯಾವ ಯಾವ ಹಾಡು ಇದ್ದವೋ! ಸೈನಿಕರಿಗಾಗಿ ಕಳುಹಿಸಿದ ತಟ್ಟೆಗಳನ್ನು ವಿನೈಲ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಒತ್ತಿದರು. ಅದು ಒಡೆಯದು, ಮುಳ್ಳಿಗೂ ನುಣುಪು. ಯುದ್ಧ ಮುಗಿದ ಮೇಲೆ 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಇದೇ ವಿನೈಲಿನಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್.ಪಿ. ತಂದಿತು. ಗೆರೆ ಕಿರಿದಾಗಿ, ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಸಿತು. ರಾಗಕ್ಕೆ ಮತ್ತೆ ಉಸಿರಾಡಲು ಜಾಗ ಸಿಕ್ಕಿತು. ಭಾರತದಲ್ಲಿ ಎರಡೂ ಬಗೆಯ ತಟ್ಟೆಗಳು 1970ರ ಸುಮಾರಿನವರೆಗೆ ಒಟ್ಟೊಟ್ಟಿಗೆ ನಡೆದವು. ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವರಂಥವರ ಹಳೆಯ ಹಾಡುಗಳನ್ನು ಒಟ್ಟುಗೂಡಿಸಿ ಎಚ್‌ಎಂವಿ ಎಲ್.ಪಿ.ಗಳನ್ನು ತಂದಿತು. ನಮ್ಮಲ್ಲಿ ಮರುಮುದ್ರಣದ ಕಥೆ ಶುರುವಾಗುವುದು ಅಲ್ಲಿಂದ.

ದುಬಾರಿ ತಟ್ಟೆಯ ಒಳಗುಟ್ಟು

ಪಶ್ಚಿಮದ ದುಬಾರಿ ಮರುಮುದ್ರಣಗಳು ಸಾಮಾನ್ಯವಾಗಿ 1950–60ರ ದಶಕದ ಸಂಗೀತಕ್ಕೆ ಸಂಬಂಧಿಸಿದವು. ಆ ಹೊತ್ತಿಗೆ ಮುದ್ರಣ ಆಯಸ್ಕಾಂತೀಯ ಟೇಪಿನ ಮೇಲೆ ಆಗುತ್ತಿತ್ತು. ಬ್ಲೂ ನೋಟ್ ಕಂಪನಿಗಾಗಿ ರೂಡಿ ವ್ಯಾನ್ ಗೆಲ್ಡರ್ ಮುದ್ರಿಸಿದ ಜಾಝ್ ಟೇಪುಗಳು ಇಂದಿಗೂ ಇವೆ. ಅಂಥ ಮೂಲ ಟೇಪನ್ನು ಓಡಿಸಿ, ಅರಗೆಣ್ಣೆಯಂಥ ಲೇಪನವಿರುವ ಅಲ್ಯೂಮಿನಿಯಂ ಹಲಗೆಯ ಮೇಲೆ ಹೊಸದಾಗಿ ಗೆರೆ ಕೊರೆಯುತ್ತಾರೆ. ಅದಕ್ಕೆ ಲೋಹದ ಮುಲಾಮು ಹಾಕಿ, ಉಬ್ಬಚ್ಚು ತೆಗೆದು, ಆ ಅಚ್ಚಿನಿಂದ ವಿನೈಲ್ ಒತ್ತುತ್ತಾರೆ. ಅಚ್ಚಿನಿಂದ ಅಚ್ಚು ತೆಗೆಯುವ ಮೆಟ್ಟಿಲುಗಳು ಕಡಿಮೆಯಾದಷ್ಟೂ ಸೂಕ್ಷ್ಮ ಉಳಿಯುತ್ತದೆ. 180 ಗ್ರಾಂ ತೂಕದ ತಟ್ಟೆ ಎಂದು ಹೇಳಿಕೊಳ್ಳುವುದುಂಟು. ತೂಕದಿಂದ ತಟ್ಟೆ ಸಮನಾಗಿ ನಿಂತೀತೇ ಹೊರತು, ಹಾಡು ತಾನೇ ಚೆಲುವಾಗದು.

ಇಡೀ ಕಸುಬು ಎಷ್ಟು ಕೆಲವರ ಕೈಯಲ್ಲಿದೆ ಎಂಬುದು 2020ರ ಫೆಬ್ರವರಿಯಲ್ಲಿ ಗೊತ್ತಾಯಿತು. ಗೆರೆ ಕೊರೆಯುವ ಹಲಗೆಗಳನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಜಗತ್ತಿಗೆಲ್ಲ ಉಳಿದದ್ದು ಜಪಾನಿನ ಒಂದೇ ಕಾರ್ಖಾನೆ. ಕಿವಿಯ ನಂಬಿಕೆ ಎಷ್ಟು ಗಟ್ಟಿ ಎಂಬುದು 2022ರಲ್ಲಿ ಗೊತ್ತಾಯಿತು. ಟೇಪಿನಿಂದ ನೇರ ಕೊರೆದದ್ದೆಂದು ಕೊಳ್ಳುವವರು ತಿಳಿದಿದ್ದ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಹಲವು ತಟ್ಟೆಗಳಲ್ಲಿ ನಡುವೆ ಡಿಜಿಟಲ್ ಮೆಟ್ಟಿಲು ಇತ್ತೆಂದು ಬಯಲಾಯಿತು. ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ಆ ತಟ್ಟೆಗಳನ್ನು ಅದುವರೆಗೆ ಹೊಗಳುತ್ತಿದ್ದವರಲ್ಲಿ ಡಿಜಿಟಲ್ ಸದ್ದನ್ನು ಸಹಿಸೆವು ಎನ್ನುವವರೇ ಅನೇಕರಿದ್ದರು!

ಟೇಪಿಲ್ಲದ ಹಾಡು

ನಮ್ಮ 1930ರ ದಶಕದ ಗಾಯಕರ ಪಾಡು ಇದಕ್ಕಿಂತ ಬೇರೆ. ಅವರ ಹಾಡಿಗೆ ಟೇಪೇ ಇಲ್ಲ. ಮೇಣದ ಮೇಲೆ ಕೊರೆದು, ಲೋಹದ ಅಚ್ಚಾಗಿ, ತಟ್ಟೆಯಾದದ್ದು. ಲೋಹದ ಅಚ್ಚು ಸಿಗದ ಕಡೆ, ಯಾರದೋ ಮನೆಯಲ್ಲಿ ಉಳಿದ ತಟ್ಟೆಯೇ ಮೂಲ. ಆಗ ಮರುಮುದ್ರಣದ ಗುಣ ನಿಲ್ಲುವುದು ನಾಲ್ಕು ಕೆಲಸಗಳ ಮೇಲೆ.

ಮೊದಲನೆಯದು ಮುಳ್ಳು. ಹಳೆಯ ತಟ್ಟೆಗೆ ಬೇಕಾದ ಮುಳ್ಳಿನ ತುದಿ ಎಲ್.ಪಿ. ಮುಳ್ಳಿಗಿಂತ ಸುಮಾರು ಮೂರುಪಟ್ಟು ಅಗಲ. ಎಲ್.ಪಿ. ಮುಳ್ಳು ಗೆರೆಯ ತಳಕ್ಕೆ ಇಳಿದು ಕಸವನ್ನೇ ಕೇಳಿಸುತ್ತದೆ. ಬಲ್ಲವರು ಬೇರೆ ಬೇರೆ ಅಳತೆಯ ಮುಳ್ಳುಗಳನ್ನು ಇಟ್ಟು ನೋಡಿ, ಉಕ್ಕಿನ ಮುಳ್ಳು ಸವೆಸದೆ ಬಿಟ್ಟ ಎತ್ತರದಲ್ಲಿ ಗೆರೆಯ ಗೋಡೆಯನ್ನು ಹಿಡಿಯುತ್ತಾರೆ. ಸವೆದಿದೆ ಎಂದು ಕೈಬಿಟ್ಟ ತಟ್ಟೆ ಹೀಗೆ ಮತ್ತೆ ಹಾಡಿದ್ದುಂಟು.

ಎರಡನೆಯದು ಮಂದ್ರ ಮತ್ತು ತಾರದ ಸಮತೋಲ. ಮಂದ್ರ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೆರೆ ಪಕ್ಕದ ಗೆರೆಗೆ ನುಗ್ಗುತ್ತದೆ. ಹಾಗಾಗಿ ಕೊರೆಯುವಾಗ ಮಂದ್ರವನ್ನು ಕುಗ್ಗಿಸಿ, ಕೇಳುವಾಗ ಅಷ್ಟೇ ಹಿಗ್ಗಿಸಬೇಕು. ಇದಕ್ಕೊಂದು ಸಾಮಾನ್ಯ ಲೆಕ್ಕ ಗೊತ್ತಾದದ್ದು 1954ರಲ್ಲಿ. ಅದಕ್ಕೂ ಮೊದಲು ಕಂಪನಿಗೊಂದು ಲೆಕ್ಕ. ಲೆಕ್ಕ ತಪ್ಪಿದರೆ ತಂಬೂರಿ ಸೊರಗುತ್ತದೆ, ಇಲ್ಲವೇ ತಬಲಾದ ಬಾಯಾ ಗುಡುಗುತ್ತದೆ.

ಮೂರನೆಯದು ಸದ್ದು ತೆಗೆಯುವುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಬಲ್ಲರು: ತುಸು ಹೆಚ್ಚು ಎಳೆದರೆ ಕಾಯಿ ಒಡೆದು ಬೀಜ ಚೆಲ್ಲುತ್ತದೆ. ತಟ್ಟೆಯ ಸುಯ್ಲೂ ಹಾಡಿನೊಳಗೇ ಬೆರೆತಿದೆ. ಕಂಪ್ಯೂಟರಿನಿಂದ ಅದನ್ನು ಪೂರ್ತಿ ಕಿತ್ತರೆ, ಅದರೊಂದಿಗೆ ತಂಬೂರಿಯ ಝೇಂಕಾರ, ‘ಸ’ಕಾರದ ಉಸಿರು, ದನಿಯ ಅಂಚು ಎಲ್ಲ ಹೋಗುತ್ತವೆ. ಉಳಿಯುವುದು ಕಂಬಳಿ ಹೊದ್ದ ದನಿ. ಒಡಕಿನ ಟಿಕ್ ಟಿಕ್ ತೆಗೆದು ಸುಯ್ಲನ್ನು ಸ್ವಲ್ಪ ಉಳಿಸಿದ ಮರುಮುದ್ರಣವೇ ಕೇಳಲು ಹಿತ.

ನಾಲ್ಕನೆಯದು ಎಲ್ಲಕ್ಕಿಂತ ತೊಡಕಿನದು: ವೇಗ. 78 ಎಂಬ ಹೆಸರು ಇದ್ದರೂ ಆರಂಭದ ತಟ್ಟೆಗಳನ್ನು ಅದಕ್ಕಿಂತ ನಿಧಾನವಾಗಿಯೋ ಬೇಗನೆಯೋ ತಿರುಗಿಸಿ ಕೊರೆದದ್ದುಂಟು. ಒಂದು ತಟ್ಟೆಯನ್ನು 74 ಸುತ್ತಿನಲ್ಲಿ ಕೊರೆದಿದ್ದು, ಈಗ 78ರಲ್ಲಿ ತಿರುಗಿಸಿದರೆ ವೇಗ ನೂರಕ್ಕೆ ಐದೂವರೆಯಷ್ಟು ಹೆಚ್ಚುತ್ತದೆ. ಷಡ್ಜ ಹೆಚ್ಚುಕಡಿಮೆ ಹಾರ್ಮೋನಿಯಂನ ಒಂದು ಮನೆಯಷ್ಟು ಮೇಲೇರುತ್ತದೆ. 3 ನಿಮಿಷ 10 ಸೆಕೆಂಡಿನ ಹಾಡು 3 ನಿಮಿಷಕ್ಕೇ ಮುಗಿಯುತ್ತದೆ. ಇದ್ದ ತಾನು ಮತ್ತಷ್ಟು ಚುರುಕಾಗಿ, ಗಾಯಕರ ವಯಸ್ಸೂ ಇಳಿದಂತೆ ಕೇಳುತ್ತದೆ.

ಯಾವ ಗಂಗೂಬಾಯಿ?

ಅಮೆರಿಕದ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936–37ರಲ್ಲಿ ಮುದ್ರಿಸಿದ್ದು 29 ಹಾಡು, ಮರುವರ್ಷವೇ ತೀರಿಕೊಂಡ. 1961ರಲ್ಲಿ ಎಲ್.ಪಿ. ಬಂದಾಗ ಅವನ ಹೆಸರು ಲೋಕಕ್ಕೆ ಗೊತ್ತಾಯಿತು. ಎಷ್ಟೋ ವರ್ಷಗಳ ನಂತರ ಕೆಲವರು, ಈ ಹಾಡುಗಳು ತೀರ ಬೇಗ ಓಡುತ್ತಿವೆ, ನಿಧಾನಗೊಳಿಸಿದರೆ ನಿಜವಾದ ಜಾನ್ಸನ್ ಸಿಗುತ್ತಾನೆ ಎಂದು ವಾದಿಸಿದರು. ಬೇರೆ ತಜ್ಞರು ಅದನ್ನು ಒಪ್ಪಲಿಲ್ಲ. ಹಾಡಿದವನು ಇಲ್ಲ, ವಾದ ಮುಗಿದಿಲ್ಲ.

ಗಾಂಧಾರಿ ಹಾನಗಲ್ ತಟ್ಟೆಗಳೂ ಇಂಥದೇ ಸೆಳೆತಕ್ಕೆ ಸಿಕ್ಕಬಲ್ಲವು. ಗಂಗೂಬಾಯಿಯವರ ದನಿ ಭಾರವಾದದ್ದು ಎಂದು ಮೊದಲೇ ತೀರ್ಮಾನಿಸಿದವರಿಗೆ, ಈ ತೆಳುದನಿ ವೇಗದ ತಪ್ಪಿನಿಂದ ಬಂದದ್ದು ಎನಿಸುವುದು ಸಹಜ. ವೇಗ ಇಳಿಸಿಬಿಟ್ಟರೆ ಪರಿಚಿತ ದನಿಗೆ ಹತ್ತಿರವಾದೀತು. ಆದರೆ ಅದು ಸುಳ್ಳಾಗುತ್ತದೆ. 1930ರ ದಶಕದ ವಿದ್ಯುತ್ ಮುದ್ರಣಗಳ ವೇಗ ಬಹುಮಟ್ಟಿಗೆ 78ಕ್ಕೆ ನೆಲೆಗೊಂಡಿತ್ತು. ಅಲ್ಲಿಂದ ಒಂದೆರಡು ಸುತ್ತು ಆಚೀಚೆಯಾದರೆ ದನಿ ಸ್ವಲ್ಪ ಬದಲಾದೀತೇ ವಿನಾ ಎಳೆಯ ಹೆಣ್ಣಿನ ಕಂಠ ಗಂಡುದನಿಯಾಗದು. ಅಷ್ಟು ಇಳಿಸಬೇಕಾದರೆ ಹಾಡಿನ ಅಕ್ಷರಗಳೇ ಜೋತುಬಿದ್ದು, ತಬಲಾದ ಪೆಟ್ಟು ಮಂಕಾಗುತ್ತದೆ. ಕೇಳುವವರಿಗೆ ಮೋಸ ತಿಳಿಯುತ್ತದೆ.

ಸರಿಯಾದ ವೇಗ ತಿಳಿಯಲು ಹಾರ್ಮೋನಿಯಂ ಸಹಾಯಕ್ಕೆ ಬರುತ್ತದೆ. ಗಾಯಕರು ಸಾಮಾನ್ಯವಾಗಿ ಅದರ ಯಾವುದಾದರೂ ಕಪ್ಪು ಅಥವಾ ಬಿಳಿ ಮನೆಯನ್ನು ಷಡ್ಜವಾಗಿ ಹಿಡಿಯುತ್ತಾರೆ. ತಟ್ಟೆಯ ಷಡ್ಜ ಎರಡು ಮನೆಗಳ ನಡುವೆ ಬಿದ್ದರೆ ವೇಗದ ಮೇಲೆ ಸಂಶಯಪಡಬೇಕು. ಅಂದಿನ ಪೆಟ್ಟಿಗೆಗಳ ಶ್ರುತಿ ಎಲ್ಲ ಕಡೆ ಒಂದೇ ಆಗಿರಲಿಲ್ಲವಾದ್ದರಿಂದ ಇದೂ ಕೊನೆಯ ಮಾತಲ್ಲ. ಅದೇ ದಿನ ಅದೇ ಗಾಯಕರು ಮುದ್ರಿಸಿದ ಬೇರೆ ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ಕೇಳಬೇಕು. ಯಾವುದು ಯಾವಾಗಿನದು ಎಂಬುದಕ್ಕೆ ಲೇಬಲ್ಲಿನ ಪಕ್ಕ, ಗೆರೆ ಮುಗಿಯುವಲ್ಲಿ ಕೆತ್ತಿದ ಅಂಕಿಗಳೇ ಸುಳಿವು.

ಈ ಎಚ್ಚರ ಏಕೆ ಬೇಕೆಂದರೆ, ಆ ಎರಡು ದನಿಗಳ ನಡುವೆ ಒಂದು ಬದುಕಿನ ಕಥೆಯಿದೆ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡ ಹೆಣ್ಣುಮಗಳು, ಗಾಯಕಿಯ ದನಿ ಎಂದರೆ ಇಂಪಾಗಿ ಸಣ್ಣಗಿರಬೇಕೆಂದು ಜನ ನಂಬಿದ್ದ ಕಾಲದಲ್ಲಿ ಆ ಸಣ್ಣ ದನಿಯನ್ನೇ ಕಳೆದುಕೊಂಡರು. ಉಳಿದ ದನಿಗೆ ತಕ್ಕಂತೆ ಗಾಯನವನ್ನು ಕಟ್ಟಿಕೊಂಡು, ಅದನ್ನೇ ತಮ್ಮ ಹೆಗ್ಗುರುತು ಮಾಡಿಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ದನಿಗೆ. ಮೊದಲ ದನಿ ಹೇಗಿತ್ತೆಂದು ಸರಿಯಾಗಿ ಕೇಳಿಸಿಕೊಂಡವರಿಗೇ ಅವರು ಗೆದ್ದದ್ದು ಏನೆಂದು ತಿಳಿದೀತು.

ಅಟ್ಟದ ಮೇಲಿನ ಮೂಲಗಳು

ಈ ಕೆಲಸ ಹೆಚ್ಚಾಗಿ ನಡೆದದ್ದು ಆಸಕ್ತರಿಂದ. ಆಸ್ಟ್ರೇಲಿಯದ ಮೈಕೆಲ್ ಕಿನಿಯರ್ ಅಬ್ದುಲ್ ಕರೀಂ ಖಾನರ ಜೀವನ ಮತ್ತು ತಟ್ಟೆಗಳ ಬಗ್ಗೆ ಗ್ರಂಥವನ್ನೇ ಬರೆದರು. ಮುಂಬಯಿಯಲ್ಲಿ 1990ರಲ್ಲಿ ಹುಟ್ಟಿದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ಪಟ್ಟಿಗಳನ್ನೂ ಲೇಖನಗಳನ್ನೂ ಪ್ರಕಟಿಸಿತು. ವಿಕ್ರಮ್ ಸಂಪತ್ ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಸಾವಿರಾರು ಹಳೆಯ ಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ಇಳಿಸಿ ಎಲ್ಲರೂ ಕೇಳುವಂತೆ ಮಾಡಿತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ಈ ಗಾಯಕರ ದೀರ್ಘ ಗಾಯನ ಪ್ರಸಾರವಾಗುತ್ತಿತ್ತು. ಮನಸೂರರು ಅಲ್ಲಿ ಸಂಗೀತ ಸಲಹೆಗಾರರೂ ಆಗಿದ್ದರು. ನೇರ ಟೇಪಿನಿಂದ ಉತ್ತಮ ಮರುಮುದ್ರಣ ಬರುವುದಾದರೆ ಆಕಾಶವಾಣಿಯ ಟೇಪುಗಳಂಥ ಭಂಡಾರದಿಂದಲೇ ಬರಬೇಕು.

ಭಾರತದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ನಂತರ 60 ವರ್ಷ. 1930ರ ದಶಕದ ತಟ್ಟೆಗಳ ಮೇಲೆ ಆ ಹಕ್ಕು ಎಂದೋ ಮುಗಿದಿದೆ. ಇದರಿಂದ ಯಾರು ಬೇಕಾದರೂ ಅವನ್ನು ಮತ್ತೆ ಹೊರತರಬಹುದು. ಒಳ್ಳೆಯ ಕೆಲಸಕ್ಕೆ ಅಡ್ಡಿಯಿಲ್ಲ. ಕೆಟ್ಟ ಕೆಲಸಕ್ಕೂ ತಡೆಯಿಲ್ಲ. ಯಾವ ತಟ್ಟೆಯಿಂದ, ಯಾವ ವೇಗದಲ್ಲಿ, ಎಷ್ಟು ಸದ್ದು ತೆಗೆದು ಮುದ್ರಿಸಿದೆ ಎಂದು ಹೊದಿಕೆಯ ಮೇಲೆ ಬರೆದಿದೆಯೇ ಎಂಬುದನ್ನು ಕೊಳ್ಳುವವರು ನೋಡಬೇಕು. ತಟ್ಟೆಯ ತೂಕಕ್ಕಿಂತ ಆ ನಾಲ್ಕು ಸಾಲು ಹೆಚ್ಚು ಬೆಲೆಯುಳ್ಳದ್ದು.

ಇನ್ನು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಳೆಯ ಮನೆಗಳಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಕರಿಯ ತಟ್ಟೆಗಳು ಸಿಕ್ಕರೆ ಗುಜರಿಗೆ ಹಾಕುವ ಮುನ್ನ ಲೇಬಲ್ಲು ಓದಬೇಕು. ಅವನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಬೇಕು. ಬಿಸಿಲು, ಮಳೆಗಾಲದ ಥಂಡಿ ಎರಡರಿಂದಲೂ ದೂರವಿಡಬೇಕು. ಸ್ಪಿರಿಟ್ಟಿನಿಂದ ಒರೆಸಲೇಬಾರದು, ಅರಗು ಅದರಲ್ಲಿ ಕರಗುತ್ತದೆ. ಉಕ್ಕಿನ ಮುಳ್ಳಿನ ಪೆಟ್ಟಿಗೆಯಲ್ಲಿ ಆಸೆಗೆಂದು ಒಮ್ಮೆ ಹಾಕಿದರೂ ಗೆರೆ ಇನ್ನಷ್ಟು ಸವೆಯುತ್ತದೆ. ತಕ್ಕ ಸಲಕರಣೆ ಇರುವವರ ಕೈಗೆ ಅದು ತಲುಪುವವರೆಗೆ ಸುಮ್ಮನೆ ಇರಲಿ. ಮುಂದಿನ ಮರುಮುದ್ರಣಕ್ಕೆ ಮೂಲವಾಗುವ ತಟ್ಟೆ ಅದೇ ಆಗಿರಬಹುದು.